ಹನ್ನೊಂದು ದೇಶಕ್ಕೆ ಒಂದೇ ಒಲೆ

ಗೈದರ್ಸ್‌ಬರ್ಗ್, ಅಮೆರಿಕ
೨೩ ಜನವರಿ ೧೯೯೯, ಶನಿವಾರ

ಪ್ರೀತಿಯ ವಿಜೂ,

ಕೆಮ್ಮು ಹೇಗಿದೆ? ಫ್ರಾಂಕ್‌ಫರ್ಟಿನ ಚಳಿಗೆ ತಲೆಗೊಂದು ಟೋಪಿ ಹಾಕಿಕೋ ಎಂದರೆ ಕೂದಲು ಕೆಡುತ್ತದೆ ಎನ್ನುತ್ತೀ. ಎಕನಾಮಿಸ್ಟ್ ಆದರೇನು, ಹಟ ಮಾತ್ರ ಗದುಗಿನದೇ! ನಾವಿಬ್ಬರೂ ಆರಾಮ. ಯಾಮಿನಿ ನಿನ್ನೆ ನಾನು ಬಡಿದ ರೊಟ್ಟಿ ನೋಡಿ, "ಅಪ್ಪಾ, ಅಮ್ಮಂದು ರೌಂಡ್ ಇರತ್ತೆ, ಯೂ ನೋ" ಎಂದಳು. ಆದರೂ ಎರಡು ತಿಂದಳು, ಪುಣ್ಯಾತ್ಗಿತ್ತಿ.

ಹೊಸ ವರ್ಷದ ದಿನ ಫೋನಿನಲ್ಲಿ ಬಿರುಸಾಗಿ ಮಾತಾಡಿಬಿಟ್ಟೆ. ಮೂರು ತಿಂಗಳಿಗೆಂದು ಹೋದವಳಿಗೆ ಅಲ್ಲಿಯ ಬ್ಯಾಂಕಿನವರು ಇನ್ನೆರಡು ವರ್ಷ ಇರು ಎಂದಿದ್ದಾರೆ, ಹನ್ನೊಂದು ದೇಶ ಕೂಡಿ ತಂದ ಯೂರೋ ನಾಣ್ಯವನ್ನು ಹುಟ್ಟಿದ ದಿನದಿಂದ ನೋಡುವ ಭಾಗ್ಯ ಎಂದು ನೀನು ಕುಣಿಯುತ್ತಿದ್ದೆ. ನಾನೋ, "ಹನ್ನೊಂದು ಸೊಸೆಯಂದ್ರು, ಒಂದ ಒಲಿ, ಮ್ಯಾಲೆ ಅತ್ತಿನೂ ಇಲ್ಲ! ಹತ್ತು ವರ್ಷ ಬಾಳಂಗಿಲ್ಲ, ಸುಮ್ಮನ ಬಾ" ಎಂದೆ. ಒಂದು ದೇಶ ಬಿದ್ದರೆ ತನ್ನ ನಾಣ್ಯದ ಬೆಲೆ ಇಳಿಸಿಕೊಂಡು ಉಸಿರಾಡುವ ದಾರಿಯಿಲ್ಲ, ಎತ್ತುವವರೂ ಇಲ್ಲ ಎಂದು ನಿನ್ನಿಂದಲೇ ಕಲಿತ ಪಾಠವನ್ನು ನಿನಗೇ ಒಪ್ಪಿಸಿದೆ. ನೀನು ಯಾಮಿನಿಗೆ ಫೋನ್ ಕೊಡಲು ಹೇಳಿದೆ. ಅದು ನನಗೆ ಇನ್ನೂ ಚುಚ್ಚುತ್ತಿದೆ.

ನಮ್ಮ ಆರು ಮನೆಗಳ ಜೋಳದ ಹಿಟ್ಟಿನ ಕೂಟದ ಸುದ್ದಿ ಕೇಳು. ಸರದಿಯಂತೆ ಒಬ್ಬರು ನ್ಯೂಜೆರ್ಸಿಯಿಂದ ತರುವುದು, ಎಲ್ಲರಿಗೂ ಸಮಪಾಲು, ಸಮ ಖರ್ಚು. ಈ ಸಲ ಸೋಮಲಿಂಗಪ್ಪನ ಕೆಲಸ ಹೋಯಿತು. "ನಮಗ ಹಿಟ್ಟು ಬ್ಯಾಡ್ರಿ, ಮನ್ಯಾಗ ಭಾಳ ಅದ" ಎಂದ. ಸುಳ್ಳೆಂದು ಎಲ್ಲರಿಗೂ ಗೊತ್ತು. ಕೇಳಿದರೆ ಅವನ ಮರ್ಯಾದೆ ಹೋದೀತೆಂದು ಯಾರೂ ಕೇಳಲಿಲ್ಲ. ನಾನು ದೊಡ್ಡ ಜಾಣನಂತೆ ಗುಟ್ಟಾಗಿ ಅವನ ಬಾಗಿಲಲ್ಲಿ ಒಂದು ಚೀಲ ಇಟ್ಟುಬಂದೆ. ಉಳಿದ ನಾಲ್ಕು ಮನೆಯವರೂ ಅದನ್ನೇ ಮಾಡಿದ್ದರು! ಕಳೆದ ಭಾನುವಾರ ಸಂಕ್ರಾಂತಿ ಊಟಕ್ಕೆ ಬಂದವನು ಐದೂ ಚೀಲಗಳನ್ನು ನಮ್ಮ ಬೇಸ್‌ಮೆಂಟಿನಲ್ಲಿ ಇಳಿಸಿ, "ನಾ ಏನ್ ಗಿರಣಿ ಇಟ್ಟೀನೇನ್ರಿ?" ಎಂದ. ಎಲ್ಲರೂ ನಕ್ಕೆವು. ಅವನು ನಗುನಗುತ್ತಲೇ ಅತ್ತುಬಿಟ್ಟ.

ಆಮೇಲೆ, ಇವನ ಖರ್ಚು ನಾವೇ ಹಂಚಿಕೊಳ್ಳೋಣ ಎಂದು ನಾನೆಂದದ್ದಕ್ಕೆ ಜಗಳ. ತಾನೂ ಗುಟ್ಟಾಗಿ ಚೀಲ ಇಟ್ಟಿದ್ದ ಬೆಂಗಳೂರಿನ ಮುರಳೀಧರನೇ, "ರೂಲ್ ಅಂದ್ಮೇಲೆ ರೂಲ್ ರೀ, ಇವತ್ತು ಇವ್ರು, ನಾಳೆ ಇನ್ನೊಬ್ರು!" ಎಂದು ಕೂಗಾಡಿದ. ಕೂಟ ಮುರಿಯಿತು ಎಂದುಕೊಂಡೆ. ಆಗ ಸೋಮಲಿಂಗಪ್ಪನ ಹೆಂಡತಿ ಚನ್ನಮ್ಮ, "ಆ ಇನ್ನೊಬ್ರು ನೀವೇ ಆದ್ರ ಏನ್ ಮಾಡೋಣ್ರಿ?" ಎಂದಳು. ಮುರಳೀಧರ ಇನ್ನೊಂದು ರೊಟ್ಟಿ ಹಾಕಿಸಿಕೊಂಡ. ಊಟ ಮುಗಿಯುವ ಹೊತ್ತಿಗೆ ತಾನೇ ಹೊಸ ಕಟ್ಟಳೆ ಹೇಳಿದ: ಯಾರ ಕೆಲಸ ಹೋದರೂ ಅವರ ಖರ್ಚು ಉಳಿದವರ ಮೇಲೆ, ಕೆಲಸ ಸಿಗುವವರೆಗೆ ನ್ಯೂಜೆರ್ಸಿಗೆ ಡ್ರೈವಿಂಗ್ ಅವರದು. ಸೋಮಲಿಂಗಪ್ಪ ತಲೆಯೆತ್ತಿಕೊಂಡು ತನ್ನ ಪಾಲಿನ ಒಂದು ಚೀಲ ಒಯ್ದ.

ವಿಜೂ, ಬಿದ್ದವರನ್ನು ಎತ್ತುವ ಕಟ್ಟಳೆ ಬರೆದಿಟ್ಟುಕೊಂಡು ಯಾರೂ ಒಂದಾಗುವುದಿಲ್ಲವೇನೋ. ಕೂಡಿ ಇರುವ ಮನಸ್ಸಿದ್ದರೆ, ಒಬ್ಬರು ಬಿದ್ದ ದಿನ ಕೂಗಾಡಿಯಾದರೂ ಮಾಡಿಕೊಳ್ಳುತ್ತಾರೆ. ನಿನ್ನ ಹನ್ನೊಂದು ದೇಶಗಳಿಗೆ ಆ ಮನಸ್ಸಿದೆಯೋ ಇಲ್ಲವೋ, ನಾನರಿಯೆ. ನೋಡಿ ಹೇಳುವುದು ನಿನ್ನ ಕೆಲಸ.

ಹೊತ್ತಿಗೆ ಸರಿಯಾಗಿ ಉಣ್ಣು. ಕಾಗದದ ಅಂಚಿನಲ್ಲಿ ಅಂಟಂಟಾಗಿರುವುದು ಯಾಮಿನಿ ಕೊಟ್ಟ ಮುತ್ತು, ಬಾಯಲ್ಲಿ ಬೆಲ್ಲವಿತ್ತು.

ನಿನ್ನವನೇ ಆದ
ಸಿದ್ಧಲಿಂಗೇಶ

ತಾ.ಕ.: ಪೋಸ್ಟಿನವನು ಬಂದ, ಅವಸರದಲ್ಲಿ ಬರೆಯುತ್ತಿದ್ದೇನೆ. ಯೂರೋ ಬಾಳುವುದಿಲ್ಲ ಎಂದೆನಲ್ಲ, ನೀನಿಲ್ಲದೆ ಎರಡು ವರ್ಷ ನನ್ನಿಂದಾಗದು ಎಂದು ಹೇಳಲು ನಾಚಿಕೆಯಾಗಿ ಹಾಗೆಂದೆ. ಆ ಎರಡು ವರ್ಷದ ಕರಾರಿಗೆ ಸಹಿ ಹಾಕು. ನನ್ನ ಲ್ಯಾಬಿನಲ್ಲಿ ಎರಡು ವರ್ಷ ರಜೆ ಕೇಳಿದೆ, ಕೊಡಲಿಲ್ಲ. ಕೆಲಸ ಬಿಡುತ್ತೇನೆಂದು ನಿನ್ನೆ ಬರೆದುಕೊಟ್ಟೆ. ಯಾಮಿನಿಯ ಈ ವರ್ಷದ ಶಾಲೆ ಮುಗಿದ ಕೂಡಲೇ ನಾವಿಬ್ಬರೂ ಅಲ್ಲಿಗೇ ಬರುತ್ತೇವೆ. ಬೇಡ ಎನ್ನಬೇಡ.