ಒಂದೇ ಟೋಪಿ

ರೀ,

ಮಕ್ಕಳಿಗೆ ಹಾಲು ತೆಗೆದುಕೊಂಡು ಆಸ್ಪತ್ರೆಗೆ ಹೊರಟೆ. ಊಟ ಮುಚ್ಚಿಟ್ಟಿದ್ದೀನಿ, ಬಿಸಿ ಮಾಡ್ಕೊಳ್ಳಿ. ತಂತಿ ಮೇಲಿನ ಬಟ್ಟೆ ಒಳಗೆ ಹಾಕಿ.

ಬೆಳಿಗ್ಗೆ ನಿಮ್ಮಕ್ಕ ಬಂದಿದ್ದರು. ಮಗುವಿಗೆ ಅಂತ ಟೋಪಿ ಹೆಣೆದು ತಂದಿದ್ದರು, ಒಂದೇ ಒಂದು. ಇನ್ನೊಂದೆಲ್ಲಿ ಅಂದೆ. "ಹುಟ್ಟಿದ್ದು ಹೆಣ್ಣು ಮಗು ಒಂದೇ ಅಂತ ತಮ್ಮ ಹೇಳಿದ್ನಲ್ಲ" ಅಂದರು. ನಿಜ ಹೇಳದೆ ಟೋಪಿ ಇಸ್ಕೊಂಡು ಕಳಿಸಿಕೊಟ್ಟೆ.

ಅವಳಿ ಅಂತ ಹೆರಿಗೆವರೆಗೂ ಯಾರಿಗೂ ಹೇಳೋದು ಬೇಡ ಅಂದಿರಿ, ಸುಮ್ಮನಿದ್ದೆ. ಬಿಪಿ ಏರಿ ಎರಡು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ, ಏಳನೇ ತಿಂಗಳಿಗೇ ಹೆತ್ತೆ. ಚಿಕ್ಕವನು ಉಳಿಯೋದು ಕಷ್ಟ ಅಂತ ಡಾಕ್ಟರು ಹೇಳಿದ್ದು ನನಗೂ ಕೇಳಿಸಿದೆ. ಅದಕ್ಕೆ ಹುಟ್ಟಿದವನನ್ನ ಹುಟ್ಟೇ ಇಲ್ಲ ಅನ್ನೋದಾ? ಹದಿನೆಂಟು ದಿನದಿಂದ ಗಾಜಿನ ಪೆಟ್ಟಿಗೆ ಮುಂದೆ ನಿಂತು "ಇಬ್ಬರನ್ನೂ ಮನೆಗೆ ಕರ್ಕೊಂಡು ಹೋಗೋಣ" ಅಂತ ನನಗೆ ಹೇಳ್ತಿರೋದೂ ಇದೇ ಬಾಯಿ. ಮಗು ಚಿವುಟಿ ತೊಟ್ಟಿಲು ತೂಗೋದು ಅಂದ್ರೆ ಇದೇ.

ಈಗಷ್ಟೇ ನರ್ಸ್ ಫೋನ್ ಮಾಡಿದ್ದರು. ಚಿಕ್ಕವನು ನಳಿಕೆ ಇಲ್ಲದೆ ತಾನೇ ಉಸಿರಾಡ್ತಿದ್ದಾನಂತೆ.

ಈ ಟೋಪಿ ಅವನ ತಲೆಗೇ ಹಾಕ್ತೀನಿ. ಅವನ ಅಕ್ಕನಿಗೆ ಇನ್ನೊಂದು ಹೆಣೆದುಕೊಡು ಅಂತ ನಿಮ್ಮ ಅಕ್ಕನ್ನ ನೀವೇ ಕೇಳಿ. ಯಾಕೆ ಅಂತ ಅವರು ಕೇಳೇ ಕೇಳ್ತಾರೆ.