ಹನ್ನೊಂದು ತಿಂಗಳ ಹುಲ್ಲು

ಕೊಮಾನಿ
ಫೆಬ್ರವರಿ ೧೯, ಬುಧವಾರ

ಪ್ರಿಯ ಗತ್ಯೇನಿ,

ನಿನ್ನನ್ನು ಕುಲದ ಹೆಸರಿನಿಂದ ಕರೆಯುವ ಸಲಿಗೆ ನನಗೆ ಇನ್ನೂ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಮೊದಲು ‘ಪ್ರಿಯ ಮೊನ್ವಾಬಿಸಿ’ ಎಂದು ಬರೆದು ನೋಡಿದೆ. ವಿಮಾ ಕಂಪನಿಯಿಂದ ಬಂದ ಪತ್ರದ ಹಾಗೆ ಕಂಡಿತು. ಆ ಹಾಳೆ ಹರಿದುಹಾಕಿ ಇದನ್ನು ಶುರು ಮಾಡಿದ್ದೇನೆ.

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ನಮ್ಮ ಅಣ್ಣ ವುಯಿಸಿಲೆ ತೀರಿಕೊಂಡಾಗ ನೀನು ಎರಡು ಪುಟ ಬರೆದಿದ್ದೆ. ನಾನು ಹದಿನಾಲ್ಕು ತಿಂಗಳಿಂದ ಉತ್ತರ ಬರೆದಿಲ್ಲ. ಕ್ಷಮಿಸು. ಮೊದಲ ಮೂರು ತಿಂಗಳು ಬರೀ ಸೋಮಾರಿತನ. ಆಮೇಲಿನ ಹನ್ನೊಂದು ತಿಂಗಳು ಬೇರೆಯೇ ಕಥೆ, ಅದನ್ನು ಹೇಳಲೆಂದೇ ಕೂತಿದ್ದೇನೆ. ನೀನಿರುವ ಕಡೆ ಆಕಾಶದ ಸದ್ದು ಹಿಡಿಯುವ ಆ ದೊಡ್ಡ ತಟ್ಟೆ ಆಂಟೆನಾಗಳಿಗೆ ತೊಂದರೆಯಾಗುತ್ತದೆಂದು ಫೋನು ಬಿಡುವುದಿಲ್ಲವಲ್ಲ, ಅದು ಒಳ್ಳೆಯದೇ ಆಯಿತು. ಫೋನಿನಲ್ಲಾಗಿದ್ದರೆ ಮೂರನೇ ಮಾತಿಗೆ ನಾನು ಇಟ್ಟುಬಿಡುತ್ತಿದ್ದೆ.

ನನ್ನ ಹುಲ್ಲಿನ ವಿಷಯ ನಿನಗೆ ಗೊತ್ತಿರಲೇಬೇಕು. ಐದು ವರ್ಷದ ಹಿಂದೆ ಪತ್ರಿಕೆಗಳಲ್ಲೂ ರೇಡಿಯೋದಲ್ಲೂ ಬಂದಿತ್ತು. ಸ್ಟಾರ್ಮ್‌ಬರ್ಗ್ ಬೆಟ್ಟದ ಕಲ್ಲುಸಂದಿಯ ಹುಲ್ಲು, ದನ ಕೂಡ ಮೂಸಿ ಬಿಡುವಂಥದ್ದು. ಅದು ಹನ್ನೊಂದು ತಿಂಗಳು ತೊಟ್ಟು ನೀರಿಲ್ಲದೆ ಕಡ್ಡಿಯಾಗಿ ಬಿದ್ದಿದ್ದು, ನೀರು ಕಂಡ ಎರಡೇ ದಿನಕ್ಕೆ ಹಸಿರಾಗುತ್ತದೆ ಎಂದು ನಾವು ತೋರಿಸಿದೆವು. ಒಣಗುವಾಗ ಅದರ ಜೀವಕೋಶದ ಗೋಡೆ ಒಡೆಯುವುದಿಲ್ಲ, ನೀಟಾಗಿ ಮಡಿಚಿದ ಬಟ್ಟೆಯ ಹಾಗೆ ಮಡಿಚಿಕೊಳ್ಳುತ್ತದೆ. ಆ ಮಡಿಕೆಗಳ ಚಿತ್ರದಿಂದಲೇ ನನಗೆ ಹೆಸರು ಬಂತು. ಈ ಗುಟ್ಟಿನಿಂದ ಬರದಲ್ಲೂ ಬದುಕುವ ಜೋಳ ಬಂದೇಬಿಡುತ್ತದೆ ಎಂದು ಜನ ನಂಬಿದರು. ನಾನೂ ನಂಬಿದೆ.

ಹೋದ ವರ್ಷ ಮಾರ್ಚಿನಲ್ಲಿ ನಮ್ಮ ಗಾಜಿನಮನೆ ನೋಡಿಕೊಳ್ಳುತ್ತಿದ್ದ ಮಾದ್ಲೋಮೊ ನಿವೃತ್ತಳಾದಳು. ಇಪ್ಪತ್ತಾರು ವರ್ಷದ ಕೆಲಸ. ಬೆಳಿಗ್ಗೆ ಹನ್ನೊಂದಕ್ಕೆ ಚಹಾ, ಸ್ಕೋನು ಬನ್ನು, ಶುಂಠಿ ಪಾನಕ ಎಲ್ಲ ಇಟ್ಟಿದ್ದೆವು. ನಾನು ಭಾಷಣ ಮಾಡಿದೆ. “ಗಿಡಕ್ಕೆ ನೀರು ಹಾಕುವವರು ಊರ ತುಂಬ ಇದ್ದಾರೆ. ಹನ್ನೊಂದು ತಿಂಗಳು ನೀರು ಹಾಕದೆ ಕೈಕಟ್ಟಿ ನಿಲ್ಲಬಲ್ಲವಳು ಈಕೆ ಒಬ್ಬಳೇ” ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾದ್ಲೋಮೊ ತಟ್ಟೆ ಕೆಳಗಿಟ್ಟು ನನ್ನ ತೋಳು ಹಿಡಿದು ಗಾಜಿನಮನೆಗೆ ಕರೆದುಕೊಂಡು ಹೋದಳು.

“ನೀವು ಎಲ್ರ ಮುಂದೆ ಹಂಗೆ ಹೊಗಳಿದ್ರಲ್ಲ, ಸ್ಕೋನು ಗಂಟಲಲ್ಲೇ ಕೂತ್ಬಿಡ್ತು ಪ್ರೊಫೆಸರ್” ಎಂದಳು.

“ಯಾಕೆ ಮಾ, ಏನಾಯ್ತು?”

“ನಾನು ಅವಕ್ಕೆ ನೀರು ಹಾಕಿದ್ದೆ.”

ನನಗೆ ಅರ್ಥವಾಗಲಿಲ್ಲ. ಯಾವುದಕ್ಕೆ ಎಂದು ಕೇಳಿದೆ. ಅವಳು ಗದ್ದದಿಂದಲೇ ಹುಲ್ಲಿನ ಕುಂಡಗಳಿದ್ದ ಕಟ್ಟೆ ತೋರಿಸಿದಳು.

“ಆ ವರ್ಷ ನಲ್ಲೀಲಿ ನೀರೇ ಇರ್ಲಿಲ್ಲ, ನೆನಪಿದೆಯಾ? ಟ್ಯಾಂಕರ್ ಬಂದಾಗ ಡ್ರಮ್ಮಲ್ಲಿ ಹಿಡಿದಿಡ್ತಿದ್ವಿ. ಅದ್ರಲ್ಲೇ ಒಂದು ಬಾಟ್ಲಿ ಕೈ ತೊಳೆಯಕ್ಕೆ ಅಂತ ತರ್ತಿದ್ದೆ. ಇವು ನೋಡಿದ್ರೆ ಸುಟ್ಟ ಕೂದಲಿನ ಥರ ಬಿದ್ದಿದ್ವು. ನಂಗೆ ನೋಡಕ್ಕಾಗ್ಲಿಲ್ಲಮ್ಮ. ಒಂದೊಂದು ಮುಚ್ಚಳ ನೀರು ಹಾಕ್ದೆ.”

“ಎಷ್ಟು ಸಲ? ಎಲ್ಲಕ್ಕೂ ಹಾಕಿದ್ರಾ?”

“ಮುಂದಿನ ಸಾಲಿಗೆ ಆಗಾಗ. ಹಿಂದಿನ ಸಾಲಿಗೆ ಒಂದ್ಸಲವೋ ಎರಡ್ಸಲವೋ. ಹಾಕಿದ್ನೋ, ಹಾಕ್ಬೇಕು ಅಂದ್ಕೊಂಡ್ನೋ, ಅದೂ ಈಗ ಸರಿಯಾಗಿ ನೆನಪಿಲ್ಲ.”

“ನೀರು ಹಾಕ್ಬೇಡಿ ಅಂತ ಬೋರ್ಡು ಬರೆದು ಹಾಕಿದ್ದೆನಲ್ಲ ಮಾ!” ಎಂದು ನಾನು ಕೂಗಿಯೇಬಿಟ್ಟೆ.

“ಹಾಕಿದ್ರಿ. ಯಾಕೆ ಹಾಕ್ಬಾರ್ದು ಅಂತ ಒಂದಿನ ಆದ್ರೂ ಹೇಳಿದ್ರಾ? ಮೇಡಂಗೆ ನೀರು ಉಳಿಸೋ ಚಿಂತೆ ಅಂದ್ಕೊಂಡೆ. ಅದಕ್ಕೇ ನಮ್ಮನೆ ನೀರು ತಂದೆ.”

ಗತ್ಯೇನಿ, ಇಪ್ಪತ್ತಾರು ವರ್ಷ ಒಂದೇ ಸೂರಿನಡಿ ಇದ್ದೆವು. ಅವಳ ಮಗಳ ಮದುವೆಗೆ ಹೋಗಿದ್ದೆ, ಅವಳ ಮನೆಯ ಹುಳಿಹಾಲು, ಜೋಳದ ಗಂಜಿ ತಿಂದಿದ್ದೆ. ಆ ಕುಂಡಗಳಲ್ಲಿ ನಾನು ಏನು ಹುಡುಕುತ್ತಿದ್ದೇನೆಂದು ಮಾತ್ರ ಹೇಳಿರಲಿಲ್ಲ. ಕೇಪ್‌ಟೌನಿನಿಂದ ಬಂದ ಅಧಿಕಾರಿಗಳಿಗೆ ಚಿತ್ರ ತೋರಿಸಿ ಗಂಟೆಗಟ್ಟಲೆ ಹೇಳಿದ್ದೇನೆ. ಬಾಟಲಿ ಹಿಡಿದು ಪಕ್ಕದಲ್ಲೇ ನಿಂತವಳಿಗೆ ಹೇಳಲಿಲ್ಲ.

ಆ ದಿನವೇ ನಾನು ಎಲ್ಲರಿಗೂ ತಿಳಿಸಬೇಕಿತ್ತು. ತಿಳಿಸಲಿಲ್ಲ. ಹೊಸದಾಗಿ ಮೂವತ್ತು ಕುಂಡ ಇಟ್ಟು, ಗಾಜಿನಮನೆಯ ಹಿಂದಿನ ಕೋಣೆಗೆ ಬೀಗ ಹಾಕಿ, ಬೀಗದಕೈ ಕೊರಳಿಗೆ ಕಟ್ಟಿಕೊಂಡೆ. ನನ್ನ ಸಂಶೋಧನಾ ವಿದ್ಯಾರ್ಥಿನಿ ಬೊಂಗೇಕಾ ಕೇಳಿದಾಗ, “ಇರ್ಲಿ ಅಂತ ಇನ್ನೊಂದ್ಸಲ ಮಾಡ್ತಿದೀನಿ” ಎಂದೆ. ಆ ಹುಡುಗಿ ನಾಲ್ಕು ವರ್ಷದಿಂದ ಆ ಹನ್ನೊಂದು ತಿಂಗಳನ್ನೇ ನಂಬಿಕೊಂಡು ಪ್ರಬಂಧ ಬರೆಯುತ್ತಿದ್ದಾಳೆ. ಅಡಿಪಾಯ ಬಿರುಕು ಬಿಟ್ಟಿದೆಯೆಂದು ಗೊತ್ತಿದ್ದೂ ಮೇಲೆ ಇನ್ನೊಂದು ವರ್ಷ ಇಟ್ಟಿಗೆ ಇಡಲು ಬಿಟ್ಟೆ. ಯಾಕೆ? ಹುಲ್ಲು ಬದುಕಿದರೆ ಯಾರಿಗೂ ಏನೂ ಹೇಳಬೇಕಾಗಿಲ್ಲವಲ್ಲ ಎಂಬ ಆಸೆ. ಬೇರೆ ಕಾರಣ ಹುಡುಕಿದೆ, ಸಿಗಲಿಲ್ಲ.

ಮೊನ್ನೆ ಫೆಬ್ರವರಿ ಮೂರಕ್ಕೆ ಹನ್ನೊಂದು ತಿಂಗಳು ತುಂಬಿತು. ನಾನೇ ನೀರು ಹಾಕಿದೆ. ಎರಡು ದಿನ ಕಾದೆ, ಒಂದು ವಾರ ಕಾದೆ. ಇಪ್ಪತ್ತೆಂಟು ಸತ್ತಿದ್ದವು.

ಎರಡು ಹಸಿರಾದವು.

ಮೂವತ್ತೂ ಸತ್ತಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ನಾನು ತಪ್ಪು ಎಂದು ಒಂದು ಸಾಲು ಬರೆದು ಮಲಗುತ್ತಿದ್ದೆ. ಈ ಎರಡನ್ನು ಏನು ಮಾಡಲಿ? ಒಂದು ಮೂಲೆಯ ಕುಂಡ. ಚಳಿಗಾಲದ ಬೆಳಗಿನಲ್ಲಿ ಅಲ್ಲಿನ ಗಾಜು ಬೆವರುತ್ತದೆ, ಹನಿ ಬಿದ್ದಿರಬಹುದು. ಇನ್ನೊಂದು ನಟ್ಟನಡುವಿನದು, ಅದರ ಮೇಲೆ ಹನಿ ಬೀಳಲು ದಾರಿಯೇ ಇಲ್ಲ. ಹಾಗಾದರೆ ನನ್ನ ಮಾತು ಸುಳ್ಳೋ, ಹದಿನೈದರಲ್ಲಿ ಒಂದು ಪಾಲು ನಿಜವೋ? ಅಂದು ಹಿಂದಿನ ಸಾಲಿನಲ್ಲಿ ನೀರಿಲ್ಲದೆಯೂ ಬದುಕಿದವು ಇದ್ದವೋ? ಮಾದ್ಲೋಮೊಳ ನೆನಪನ್ನೇ ಕೇಳಬೇಕು, ಅವಳಿಗೋ ನೆನಪಿಲ್ಲ. ಲೆಕ್ಕ ಹಾಕುತ್ತ ಕೂತರೆ ಒಂದು ಗಂಟೆ ನಾನು ಮೋಸಗಾರ್ತಿ, ಮುಂದಿನ ಗಂಟೆ ಅದೃಷ್ಟ ಕೆಟ್ಟವಳು, ಅದರ ಮುಂದಿನ ಗಂಟೆ ಏನೋ ಹೊಸದು ಕಂಡವಳು. ತಲೆ ಗಿರಣಿಯಾಗಿದೆ.

ಬೊಂಗೇಕಾಗೆ ಹೋದ ವಾರದ ಸೋಮವಾರ ಎಲ್ಲ ಹೇಳಿದೆ. ಅವಳು ಕೂತಲ್ಲಿಂದ ಎದ್ದು ನಿಂತಳು.

“ಅಂದ್ರೆ ನನ್ನ ನಾಲ್ಕು ವರ್ಷ ಒಬ್ಬ ಅಜ್ಜಿ ಕರುಣೆ ಮೇಲೆ ನಿಂತಿತ್ತಾ?”

“ಪೂರ್ತಿ ಹಾಗಲ್ಲ…”

“ಅಜ್ಜಿ ಮೇಲೆ ನಂಗೆ ಕೋಪ ಇಲ್ಲ ಪ್ರೊಫ್. ಅವ್ರು ಐದು ವರ್ಷ ಬಾಯಿ ಮುಚ್ಕೊಂಡಿದ್ದು ಏನೂ ಗೊತ್ತಿಲ್ದೆ. ನೀವು ಹನ್ನೊಂದು ತಿಂಗಳು ಎಲ್ಲ ಗೊತ್ತಿದ್ದೂ ಮುಚ್ಕೊಂಡಿದ್ರಿ.”

ಎರಡು ದಿನ ಅವಳು ಬರಲಿಲ್ಲ. ಮೂರನೇ ದಿನ ಬಂದವಳು ನನಗೆ ನಮಸ್ಕಾರವನ್ನೂ ಹೇಳದೆ ಆ ಎರಡು ಗಿಡದ ಎಲೆ ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಸಂಜೆ ಐದಕ್ಕೆ, “ಬಂದು ನೋಡಿ” ಎಂದಳು. ಗೋಡೆ ಮಡಿಚಿ ಬಿಚ್ಚಿದ ಗುರುತು ಇತ್ತು. ನಾನು ಹಿಂದೆ ಎಂದೂ ಕಾಣದಷ್ಟು ಒತ್ತಾದ ಮಡಿಕೆ. “ಎರಡು ಅಂದ್ರೆ ಎರಡೇ, ಸೊನ್ನೆ ಅಲ್ಲ. ಇವು ಯಾಕೆ ಬದುಕಿದ್ವು ಅಂತ ನಾನು ನೋಡ್ತೀನಿ. ನೀವು ಮೊದ್ಲು ಆ ಹಳೇ ಲೇಖನ ವಾಪಸ್ ತಗೊಳ್ಳಿ” ಎಂದಳು. ಒಂದು ಕ್ಷಣ ಬಿಟ್ಟು, “ಬೇರೆಯವ್ರು ಹೇಳೋ ಮುಂಚೆ” ಎಂದಳು. ಅದು ಸಲಹೆಯೋ ಬೆದರಿಕೆಯೋ ನನಗೆ ಇನ್ನೂ ತಿಳಿದಿಲ್ಲ. ಎರಡೂ ಸರಿಯೇ.

ಲೇಖನ ವಾಪಸು ಪಡೆಯುವ ಪತ್ರದಲ್ಲಿ ‘ಮೇಲ್ವಿಚಾರಣೆಯಲ್ಲಿ ನನ್ನ ಲೋಪ’ ಎಂದಷ್ಟೇ ಬರೆದೆ. ಮಾದ್ಲೋಮೊಳ ಹೆಸರು ಎತ್ತಲಿಲ್ಲ. ದೊಡ್ಡ ಉಪಕಾರ ಮಾಡಿದವಳಂತೆ ಅದನ್ನು ಅವಳ ಮನೆಗೆ ತೆಗೆದುಕೊಂಡು ಹೋಗಿ ಓದಿ, ಒಂದೊಂದು ಸಾಲನ್ನೂ ಬಿಡಿಸಿ ಹೇಳಿದೆ. ಜೀವಕೋಶ ಎಂದರೇನು, ಗೋಡೆ ಮಡಿಚುವುದೆಂದರೇನು, ಒಂದು ಮುಚ್ಚಳ ನೀರಿಗೆ ಯಾಕೆ ಇಷ್ಟು ಬೆಲೆ, ಎಲ್ಲವನ್ನೂ ಹೇಳಿದೆ. ಮೊದಲ ಸಲ. ಅವಳು ಬಟಾಣಿ ಸುಲಿಯುವುದನ್ನು ನಿಲ್ಲಿಸಿ ಕೇಳಿದಳು.

“ಮತ್ತೆ ನನ್ನ ಹೆಸರೆಲ್ಲಿ?”

“ನಿಮಗೆ ತೊಂದ್ರೆ ಆಗ್ಬಾರ್ದು ಅಂತ ಮಾ.”

“ನೀರು ಹಾಕಿದ್ದು ನಾನೋ ನೀವೋ? ನನ್ನ ಹೆಸರು ಹಾಕಿ. ಇಪ್ಪತ್ತಾರು ವರ್ಷ ಅಲ್ಲಿದ್ದೆ, ನಿಮ್ಮ ಯಾವ ಕಾಗದದಲ್ಲೂ ನಾನಿಲ್ಲ. ಇದ್ರಲ್ಲಿ ಆದ್ರೂ ಇರ್ತೀನಿ.” ಆಮೇಲೆ ಬಾಯಿಗೆ ಏಪ್ರನ್ನಿನ ಅಂಚು ಹಿಡಿದು ನಕ್ಕಳು. “ಕರುಣೆಯಿಂದ ಹಾಕಿದ್ದು ಅಂತಾನೂ ಬರೀರಿ. ಕಳ್ಳತನದಿಂದ ಹಾಕಿದ್ದು ಅಂದ್ಕೊಂಡಾರು.”

ಬರೆದೆ. ನಿನ್ನೆ ಕಳಿಸಿದೆ. ಮಾರ್ಚ್ ಆರರಂದು ನಮ್ಮ ಸಂಶೋಧನಾ ಕೇಂದ್ರದ ಸಭಾಂಗಣದಲ್ಲಿ ಎಲ್ಲರ ಮುಂದೆ ನಾನೇ ನಿಂತು ಹೇಳಬೇಕು.

ಇನ್ನು ನಿನ್ನ ವಿಷಯ. ಹನ್ನೆರಡು ವರ್ಷದ ಹಿಂದೆ ನಿನ್ನ ಮಿಡಿಯುವ ನಕ್ಷತ್ರ ಸಿಕ್ಕಾಗ ನಾವಿಬ್ಬರೂ ಅಡುಗೆಮನೆಯಲ್ಲಿ ಕುಣಿದಿದ್ದೆವು. ಪ್ರತಿ ವಸಂತದಲ್ಲಿ ಅದು ಆಕಾಶದ ಒಂದೇ ಮೂಲೆಯಿಂದ ಟಕ್ ಟಕ್ ಎನ್ನುತ್ತದೆ ಎಂದು ನೀನು ಬೆರಳಿನಿಂದ ಮೇಜಿನ ಮೇಲೆ ತಟ್ಟಿ ತೋರಿಸಿದ್ದೆ. ಆಮೇಲೆ ನೀನೇ ಅನುಮಾನ ಬಿದ್ದು, ಕುರಿ ಸಾಕುವ ಊಮ್ ದಾವಿಯ ಹೊಲಕ್ಕೆ ಹೋದೆ. ಕುರಿಮರಿ ಹಾಕುವ ಕಾಲಕ್ಕೆ ನರಿಗಳು ಬರದಂತೆ ಅವನು ಬೇಲಿಗೆ ಟಕ್ ಟಕ್ ಎಂದು ಬಿಟ್ಟುಬಿಟ್ಟು ವಿದ್ಯುತ್ ಹರಿಸುತ್ತಿದ್ದ. ನಿನಗಾಗಿ ಅವನು ಅದನ್ನು ಆರಿಸಿದ. ನಕ್ಷತ್ರವೂ ಆರಿತು.

ಅಂದು ಮನೆಗೆ ಬಂದು ನೀನು ಹೇಳಿದಾಗ ನಾನು ಏನೆಂದೆ ನೆನಪಿದೆಯಲ್ಲ? “ಆ ಮುದುಕನಿಗೆ ಹೇಳಿ ಬೇಲಿ ತೆಗೆಸಿಬಿಡು. ನಕ್ಷತ್ರ ತಾನಾಗೇ ನಿಂತ್ಹೋಯ್ತು ಅಂತ ಬರಿ. ಯಾರಿಗೆ ಗೊತ್ತಾಗುತ್ತೆ?” ನೀನು ನನ್ನನ್ನು ನೋಡಿದ್ದು ಕೋಪದಿಂದಲ್ಲ. ಯಾರೋ ಗುರುತಿಲ್ಲದವಳು ಮನೆಯೊಳಗೆ ಬಂದಿದ್ದಾಳೆಂಬಂತೆ ನೋಡಿದೆ. ಆ ನೋಟ ತಡೆಯಲಾರದೆ ನಾನು ಮುಂದಿನ ವರ್ಷ ನಿನ್ನನ್ನು ಬಿಟ್ಟು ಹೊರಟೆ. ನೀನು ಪೆದ್ದ, ಹಠಮಾರಿ, ಮನೆಯವರ ಬದುಕು ನಿನಗೆ ಬೇಡ ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ. ನಕ್ಷತ್ರವಿಲ್ಲ ಎಂದು ನೀನು ಎಲ್ಲರ ಮುಂದೆ ಒಪ್ಪಿಕೊಂಡದ್ದಕ್ಕೆ ಮೇಲಿನವರು ನಿನ್ನ ಕೈಯಿಂದ ತಂಡ ಕಿತ್ತುಕೊಂಡರು, ‘ಬೇಲಿ ಸಾಹೇಬ’ ಎಂದು ಅಡ್ಡಹೆಸರಿಟ್ಟರು. ಅದನ್ನು ಕೇಳಿ ನಾನೂ ಒಮ್ಮೆ ನಕ್ಕಿದ್ದೆ.

ನಿನ್ನನ್ನು ಒಂದೇ ಕೇಳಬೇಕು. ನೀನು ಅದನ್ನು ಹೇಗೆ ಮಾಡಿದೆ? ಧೈರ್ಯದ ಮಾತಲ್ಲ, ನಿಜವಾಗಿ ಹೇಗೆ? ಅಂದು ಬೆಳಿಗ್ಗೆ ಏನು ತಿಂದೆ? ಮೊದಲ ವಾಕ್ಯ ಯಾವುದು? ಹೇಳಿ ಮುಗಿಸಿದ ಮೇಲೆ ಕೈಗಳನ್ನು ಎಲ್ಲಿಟ್ಟುಕೊಂಡೆ? ನಿನ್ನ ಬೇಲಿ ಪೂರ್ತಿ ಬೇಲಿಯೇ ಆಗಿತ್ತು, ನನಗೆ ಎರಡು ಹಸಿರು ಕುಂಡಗಳಿವೆ. ಅವನ್ನು ಹೇಳಿದರೆ ನೆಪ ಹುಡುಕುತ್ತಾಳೆ ಎನ್ನುತ್ತಾರೆ, ಹೇಳದಿದ್ದರೆ ಮತ್ತೊಂದು ಮುಚ್ಚುಮರೆ. ಏನು ಮಾಡಲಿ?

ನೀನು ಬರಬೇಕೆಂದು ಇದನ್ನು ಬರೆಯುತ್ತಿಲ್ಲ. ದೂರದ ದಾರಿ, ನಿನ್ನ ಮಂಡಿಗೆ ಆಗದು. ಉತ್ತರ ಬರೆದರೆ ಸಾಕು. ಅದೂ ಆಗದಿದ್ದರೆ ಬೇಡ. ದೇವರೂ ನಿನ್ನ ಗತ್ಯೇನಿ ಹಿರಿಯರೂ ನಿನ್ನ ಬೆನ್ನಿಗಿರಲಿ. ಬಿಸಿಲಿಗೆ ಟೋಪಿ ಹಾಕಿಕೋ.

ಇಂತು
ಬುಕೆಲ್ವಾ

ಮರೆತ ಮಾತು: ಮರೆತದ್ದೂ ಅಲ್ಲ. ಲಕೋಟೆ ಅಂಟಿಸಿ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನಕ್ಷತ್ರವಿಲ್ಲ ಎಂದು ನೀನು ಕೇಪ್‌ಟೌನಿನಲ್ಲಿ ಹೇಳಬೇಕಿದ್ದ ದಿನ, ನನ್ನಲ್ಲಿ ಒಂದೇ ಕೇಳಿದ್ದೆ: “ಮುಂದಿನ ಸಾಲಲ್ಲಿ ಕೂತಿರು, ಸಾಕು.” ಬಸ್ಸು ಕೆಟ್ಟುಹೋಯಿತು, ಅರ್ಧದಾರಿಯಲ್ಲೇ ಉಳಿದೆ ಎಂದು ನಾನು ಆಮೇಲೆ ಹೇಳಿದೆ. ನೀನು ನಂಬಿದೆ. ನಾನು ಹಸಿದಿರಬೇಕೆಂದು ಊಟ ಬಿಸಿಮಾಡಿ ಕೊಟ್ಟೆ. ಬಸ್ಸು ಕೆಟ್ಟಿರಲಿಲ್ಲ ಮೊನ್ವಾಬಿಸಿ. ನಾನು ಬಂದಿದ್ದೆ. ಹಿಂದಿನ ಬಾಗಿಲು ಅರ್ಧ ತೆರೆದಿತ್ತು, ಅದರಾಚೆ ನಿಂತಿದ್ದೆ. ಮುಂದಿನ ಸಾಲಿನ ಒಂದು ಕುರ್ಚಿಯ ಮೇಲೆ ನಿನ್ನ ಕೋಟಿತ್ತು. ಯಾರೋ ಕೂರಲು ಬಂದಾಗ, “ಕ್ಷಮಿಸಿ, ನನ್ನ ಹೆಂಡತಿ ಬರ್ತಾಳೆ” ಎಂದೆ. ಶುರು ಮಾಡಿ ಎಂದು ಸಭೆಯವರು ಎರಡು ಸಲ ಹೇಳಿದರು, ನೀನು ಇನ್ನೈದು ನಿಮಿಷ ಎಂದೆ. ನಾಚಿಕೆಯಿಂದ ನಾನು ಬಾಗಿಲಾಚೆಯೇ ಉಳಿದೆ. ನಿನ್ನ ತಪ್ಪಿಗೆ ನಾಚಿಕೆಯಲ್ಲ, ನಿನ್ನ ಹೆಂಡತಿ ಯಾರೆಂದು ಎಲ್ಲರೂ ತಿರುಗಿ ನೋಡುತ್ತಾರೆಂಬ ನಾಚಿಕೆ. ನೀನು ಕೊನೆಗೆ ಕೋಟು ಎತ್ತಿ ಮೈಗೆ ಹಾಕಿಕೊಂಡು ಮಾತು ಆರಂಭಿಸಿದೆ. ಬಾಗಿಲನ್ನು ಒಂದು ಸಲ ತಳ್ಳಿದ್ದರೆ ಸಾಕಿತ್ತು.