ಟ್ರಬಲ್ ಅಂದರೆ ಕದಡಿದ ನೀರು

ಬಿಳಿಚೋಡು,
೪ ಫೆಬ್ರವರಿ ೧೯೭೯

ಪ್ರೀತಿಯ ತಮ್ಮ ಹಾಲಸ್ವಾಮಿಗೆ,

ನಿನ್ನ ಅಣ್ಣ ತಿಪ್ಪೇಶಪ್ಪನ ತುಂಬು ಹರಕೆಗಳು. ಮೈಯಲ್ಲಿ ಆರೋಗ್ಯವೇ? ಹೊನ್ನಾಳಿಯ ಹೊಳೆನೀರು ಒಗ್ಗಿತೇ? ಹೈಸ್ಕೂಲಿನ ಹುಡುಗರಿಗೆ ಇಂಗ್ಲಿಷ್ ಹೇಳಿಕೊಟ್ಟು ಗಂಟಲು ಸೋತಿದ್ದರೆ ಬಿಸಿನೀರು ಕುಡಿ. ನನ್ನ ಗಂಟಲಂತೂ ಇನ್ನೂ ಗುಡುಗುತ್ತಿದೆ. ಅತ್ತಿಗೆ ಭೀಮಕ್ಕ ದಿನಾ ನಿನ್ನನ್ನು ನೆನೆಯುತ್ತಾಳೆ.

ಎರಡು ವರ್ಷದ ಮೇಲೆ ಬಂದ ನಿನ್ನ ಕಾಗದವನ್ನು ಪೋಸ್ಟ್‌ಮನ್ ಕೈಯಿಂದ ಕಸಿದುಕೊಂಡು ನಡುಬೀದಿಯಲ್ಲೇ ಓದಿದೆ. ನಾನು ಓದಿದರೆ ಗೊತ್ತಲ್ಲ, ಇಡೀ ಕೇರಿಯೇ ಓದಿದಂತೆ! ಬೈಗುಳ ಇರಬಹುದೆಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ಆಹಾ, ನೀನು ಬರೆದದ್ದು ಒಂದು ಮಾತಿನ ಹುಟ್ಟುಕಥೆ! “ಅಣ್ಣಾ, ಅವತ್ತು ನೀನಂದ ಟ್ರಬಲ್ ಅನ್ನೋ ಮಾತು ನನ್ನ ತಲೇಲೇ ಐತೆ. ಸ್ಕೂಲಿನ ದೊಡ್ಡ ಡಿಕ್ಷನರಿ ತೆಗೆದು ನೋಡಿದೆ” ಎಂದು ಶುರು ಮಾಡಿ, ಅದು ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂತೆಂದೂ, ಅದರ ಬೇರು ಲ್ಯಾಟಿನ್ನಿನಲ್ಲಿದೆಯೆಂದೂ, ಅಲ್ಲಿ ಅದಕ್ಕೆ ಕದಡುವುದು, ಬಗ್ಗಡವಾಗುವುದು ಎಂಬ ಅರ್ಥವೆಂದೂ, ಅದಕ್ಕೂ ಹಿಂದೆ ‘ತುರ್ಬ’ ಎಂದರೆ ಗದ್ದಲ, ನೂಕಾಡುವ ಜನ ಎಂದೂ ತಿಳಿಸಿದ್ದೀಯೆ. ನನ್ನ ಮೇಲೆ ಒಂದು ದೂರಿಲ್ಲ.

ಭೀಮಕ್ಕ ಆಗ ಕೆರೆಯ ನೀರು ತಿಳಿಯಾಗಲೆಂದು ಕೊಡದ ಒಳಮೈಗೆ ಚಿಲ್ಲದ ಬೀಜ ತೇಯುತ್ತಿದ್ದಳು. ತಲೆ ಎತ್ತದೆ ಕೇಳಿದಳು: “ಎಲ್ಲಾ ಬರ್ದಾನೆ, ಸರಿ. ಕದಡಿದ್ದು ಯಾರು ಅಂತ ಬರ್ದಿಲ್ಲೇನ್ರೀ?”

ಅದನ್ನು ನಾನೇ ಹೇಳಿಬಿಡುತ್ತೇನೆ, ಕೇಳು. ಅಂದಿನ ನಾಟಕದಲ್ಲಿ ನಾನು ಮಹಾರಾಜ, ಮಂತ್ರಿ ನಮ್ಮ ಗಿಡ್ಡಪ್ಪ, ಸೈಡ್ ವಿಂಗಿನ ಸ್ಟೂಲಿನ ಮೇಲೆ ಪುಸ್ತಕ ಹಿಡಿದು ಮಾತು ಎತ್ತಿಕೊಡುವ ಪ್ರಾಂಪ್ಟರ್ ನೀನು. ಎರಡನೇ ಅಂಕದಲ್ಲಿ ನನ್ನ ಭಾವಮೈದ ಬೋರಣ್ಣ ಮುಯ್ಯಿ ಮಾಡಲು ಬಂದ. ನಾಟಕದ ನಡುವೆ ನಂಟರು ರಂಗ ಹತ್ತಿ ಪಾತ್ರಧಾರಿಗೆ ಹಾರ, ಟವೆಲ್ಲು ಹಾಕುವುದು ನಮ್ಮೂರ ಪದ್ಧತಿ. ಬಂದವನು ಒಬ್ಬನೇ ಬಂದನೇ? ತನ್ನೂರು ಸೊಕ್ಕೆಯ ಅರ್ಧ ಜನರನ್ನೇ ಹಿಂದೆ ಕಟ್ಟಿಕೊಂಡು ಬಂದ! ನಿನ್ನ ‘ತುರ್ಬ’ ಸಾಕ್ಷಾತ್ ರಂಗದ ಮೇಲೆ ನಿಂತಿತ್ತು. ಮೈಕಿನಲ್ಲಿ ಹೆಸರುಗಳ ಕೂಗು, ಕೊರಳ ತುಂಬ ಹಾರ. ಅವರೆಲ್ಲ ಇಳಿದ ಮೇಲೆ ನಾನು ಕತ್ತಿ ಹಿರಿದು ಗರ್ಜಿಸಿದೆ: “ದ್ರೋಹಿ! ನಿನಗೆ ಮರಣದಂಡನೆ!” ಗಿಡ್ಡಪ್ಪ ಬೆಪ್ಪಾಗಿ, “ನಾನಿನ್ನೂ ಏನೂ ಮಾಡಿಲ್ಲ ಕಣಣ್ಣೋ!” ಎಂದ. ನೀನು ಒಳಗಿನಿಂದ, “ಅಣ್ಣಾ, ಅದು ನಾಲ್ಕನೇ ಅಂಕ, ಇದಿನ್ನೂ ಎರಡನೇದು!” ಎಂದೆ. ಜನ ಬಿದ್ದು ಬಿದ್ದು ನಕ್ಕರು. ನಾನು ಕಿರೀಟಧಾರಿ, ನಿನ್ನತ್ತ ತಿರುಗಿ, “ನಂಗೆ ನೀನೇ ದೊಡ್ಡ ಟ್ರಬಲ್ಲು ಕಣಲೇ, ಎದ್ದು ಹೋಗು!” ಎಂದುಬಿಟ್ಟೆ. ನೀನು ಪುಸ್ತಕವನ್ನು ಸ್ಟೂಲಿನ ಮೇಲಿಟ್ಟು ಹೋದೆ. ಮತ್ತೆ ಊರಿಗೆ ಬರಲಿಲ್ಲ.

ತಮ್ಮಾ, ಹದಿನೆಂಟು ವರ್ಷ ನನ್ನ ಒಂದೊಂದು ಮಾತೂ ಮೊದಲು ನಿನ್ನ ಬಾಯಿಂದ ಹೊರಟಿತು. ಚಪ್ಪಾಳೆ ಮಾತ್ರ ನಾನು ತೆಗೆದುಕೊಂಡೆ. ಅವಮಾನ ನುಂಗಿ, ನಾನು ಎಸೆದ ಮಾತನ್ನೇ ತೊಳೆದು ತಿಳಿ ಮಾಡಿ ಕಳಿಸಿದ್ದೀಯಲ್ಲ, ಈ ಉಪಕಾರಕ್ಕೆ ಕೈ ಮುಗಿಯುತ್ತೇನೆ. ಅಣ್ಣ ತಮ್ಮನಿಗೆ ಕೈ ಮುಗಿಯಬಾರದಂತೆ, ಆದರೂ ಮುಗಿಯುತ್ತೇನೆ. ಮೊನ್ನೆ ಪ್ರಾಕ್ಟೀಸಿಗೆ ಕೂಡಿದವರ ಮುಂದೆ ತಪ್ಪು ನನ್ನದೆಂದು ಸಾರಿದೆ. ಗಿಡ್ಡಪ್ಪ, “ಮೈಕ್ ಇಲ್ದೆ ಹೇಳಿದ್ರೂ ಜಗಳೂರಿಗೆ ಕೇಳ್ಸೈತೆ ಬಿಡಣ್ಣ” ಎಂದ. ಹೊನ್ನಾಳಿಗೆ ಕೇಳಿಸದು ಎಂದು ಈ ಕಾಗದ ಬರೆದೆ.

ನಿನ್ನ ಬಾಳು ತಿಳಿನೀರಿನಂತಿರಲಿ.

ನಿನ್ನ ಅಣ್ಣ,
ತಿಪ್ಪೇಶಪ್ಪ

ಮರೆತಿದ್ದೆ: ಶಿವರಾತ್ರಿಯ ಮರುದಿನ ಅದೇ ನಾಟಕ ಇದೆ, ಎರಡು ದಿನ ಮೊದಲೇ ಬಾ. ಸ್ಟೂಲಿನ ಮೇಲೆ ಕೂರಲು ಕರೆಯುತ್ತಿಲ್ಲ. ಆ ಸ್ಟೂಲು ಈ ಸಲ ನನಗೆ. ಪುಸ್ತಕ ಹಿಡಿದು ಪಿಸುಮಾತಿನಲ್ಲಿ ಹೇಳುವುದನ್ನು ಕಲಿಯುತ್ತಿದ್ದೇನೆ, ಭೀಮಕ್ಕ ಕಿವಿ ಮುಚ್ಚಿಕೊಂಡು ಓಡಾಡುತ್ತಾಳೆ. ಮಹಾರಾಜನ ಅಂಗಿಯನ್ನು ನಿನ್ನ ಅಳತೆಗೆ ಹಿಡಿಸಿ ಹೊಲಿದಿಟ್ಟಿದ್ದಾಳೆ. ಮಾತೆಲ್ಲ ನಿನಗೆ ಬರುತ್ತದಲ್ಲ?